ಕರಡಿಯ ಟೈರು

ಮೃಗಾಲಯದ ಬೋನುಗಳನ್ನು ತಪಾಸಣೆ ಮಾಡಲು ಬಂದ ಡಾಕ್ಟರಮ್ಮನಿಗೆ ಮೊದಲು ಕಂಡದ್ದು ಹೊಸ ಸುಣ್ಣ. ಗೋಡೆಗೆ ಬಳಿದದ್ದು ಸಾಲದೆಂದು ಮರದ ಬುಡಗಳಿಗೂ ಬಳಿದು, ಪಾಪದ ಆಮೆಯೊಂದರ ಬೆನ್ನ ಮೇಲೂ ಚೆಲ್ಲಿದ್ದರು. ಸೂಪರಿಂಟೆಂಡೆಂಟರು ಗೇಟಿನಲ್ಲೇ ಕೈಮುಗಿದು, "ಬನ್ನಿ ಮೇಡಂ, ಬನ್ನಿ" ಎಂದರು. ಕೆಲಸದವರ ಮುಂದೆ ಅವಳು ಮೇಡಂ. ಮನೆಯಲ್ಲಿ ಅವರ ಹೆಂಡತಿಯ ತಂಗಿ. ತಪಾಸಣೆಗೆ ಕಳಿಸಿದ ಮೇಲಿನವರಿಗೆ ಈ ಸಂಬಂಧ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ. ನೆಂಟಸ್ತನ ಬೇರೆ, ನ್ಯಾಯ ಬೇರೆ ಎಂದು ನಡೆದುಕೊಳ್ಳುವ ತಾಕತ್ತು ತನಗಿದೆ ಎಂಬ ಜಂಬ ಅವಳಿಗೆ.

ಬೋನುಗಳು ಸರಿಯಿಲ್ಲವೆಂದು ಅವಳು ಬರೆದರೆ ಮೃಗಾಲಯ ಮುಚ್ಚುತ್ತದೆ. ಇಲ್ಲಿನ ಮುದಿ ಕರಡಿ ಊರಾಚೆಯ ಪ್ರಾಣಿಧಾಮಕ್ಕೆ ಹೋಗುತ್ತದೆ; ಅಲ್ಲಿ ಅಗೆಯಲು ಮಣ್ಣಿದೆ, ಹತ್ತಲು ಮರವಿದೆ. ಭಾವನ ಕೆಲಸವೂ ಹೋಗುತ್ತದೆ, ಅದರ ಹಿಂದೆಯೇ ಅಕ್ಕನಿರುವ ಕ್ವಾರ್ಟರ್ಸು.

ಮಂಗಗಳ ಬೋನಿನಲ್ಲಿ ಒಂದು ಟೈರು ನೇತಾಡುತ್ತಿತ್ತು. ಅದರ ಪಕ್ಕೆಯ ಮೇಲೆ ಯಾರೋ ಹಳದಿ ಹೂವು ಬರೆದಿದ್ದರು. ಹೊತ್ತು ಕಳೆಯಲು ಪ್ರತಿ ಪ್ರಾಣಿಗೂ ಏನಾದರೂ ಕೊಟ್ಟಿರಬೇಕು ಎಂಬುದು ನಿಯಮ, ಪರವಾಗಿಲ್ಲ ಎಂದುಕೊಂಡಳು. ಭಾವ ಟೀ ಕುಡಿಸಲು ಆಫೀಸಿಗೆ ಕರೆದೊಯ್ದರು. ಹೊರಬಂದು ನರಿಯ ಬೋನಿಗೆ ಹೋದರೆ ಅಲ್ಲೂ ಟೈರು, ಅದೇ ಹಳದಿ ಹೂವು.

ಅವಳು ಇನ್ನೂ ಬಾಯಿಯೇ ತೆರೆದಿರಲಿಲ್ಲ. "ಎಲ್ಲಾ ಟೈರಿಗೂ ಹೂವು ಬರೆಸಿದೀವಿ ಮೇಡಂ, ಮಕ್ಕಳಿಗೆ ಖುಷಿ ಅಂತ" ಎಂದರು ಭಾವ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆಮೆಯ ಕೊಳ ತೋರಿಸುವ ನೆಪದಲ್ಲಿ ಭಾವ ಒಂದು ಸುತ್ತು ಹಾಕಿಸಿದ ಮೇಲೆ ಮುಂದಿನದು ಕರಡಿ. ಸಿಮೆಂಟಿನ ನೆಲದ ಮೇಲೆ ನಿಂತಲ್ಲೇ ನಿಂತು, ಬೆಳಗಿಂದ ಸಂಜೆವರೆಗೆ ತಲೆಯಾಡಿಸುತ್ತಲೇ ವರ್ಷಗಳನ್ನು ಕಳೆದ ಕರಡಿ ಅದು. ಹಿಂದಿನ ಸಲ ಅಕ್ಕನ ಮನೆಗೆ ಬಂದಾಗ ಅವಳೇ ನೋಡಿ ಹೊಟ್ಟೆ ಉರಿಸಿಕೊಂಡಿದ್ದಳು. ಇವತ್ತು ಅದು ತಲೆಯಾಡಿಸುತ್ತಿರಲಿಲ್ಲ. ಅಂಗಾತ ಮಲಗಿ ಹಳದಿ ಹೂವಿನ ಟೈರನ್ನು ನಾಲ್ಕೂ ಕಾಲಿನಿಂದ ಅಪ್ಪಿಕೊಂಡು, ಮೂಸುತ್ತ, ನೆಕ್ಕುತ್ತ, ಮೆಲ್ಲಗೆ ಕಚ್ಚುತ್ತ ತನ್ನ ಪಾಡಿಗೆ ಗುನುಗುತ್ತಿತ್ತು.

"ಯಾವಾಗ್ಲೂ ಹೀಗೇ ಮೇಡಂ. ಅದಿಲ್ದಿದ್ರೆ ನಿದ್ದೆನೇ ಮಾಡಲ್ಲ" ಎಂದು ಭಾವ ಅವಳನ್ನು ಮುಂದಕ್ಕೆ ಕರೆದರು.

ಮುಂದಿನ ಬೋನಿನಲ್ಲಿ ಮುಳ್ಳುಹಂದಿಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ, ಟೈರೂ ಇರಲಿಲ್ಲ. ಹಿಂದೆ ಕರಡಿಯ ಬೋನಿನ ಕಡೆಯಿಂದ ಕೂಗು ಕೇಳಿತು: "ಬಿಡೋ ಮಾರಾಯ, ಬಿಡೋ!" ಅವಳು ಹಿಂದಿರುಗಿ ನೋಡಿದಳು. ಕೆಲಸದವನು ಕಂಬಿಯ ಸಂದಿಯಿಂದ ಕೊಕ್ಕೆಗೋಲು ತೂರಿಸಿ ಟೈರನ್ನು ಎಳೆಯುತ್ತಿದ್ದ. ಕರಡಿ ಬಿಡುತ್ತಿರಲಿಲ್ಲ. ಭಾವ ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಮನೆಗೆ ಹೋಗೋಣಮ್ಮ, ನಿಮ್ಮಕ್ಕ ಕಾಯ್ತಿದಾಳೆ" ಎಂದರು. ಮೇಡಂ ಎನ್ನುವುದು ಅಲ್ಲಿಗೆ ಮುಗಿದಿತ್ತು.

ಕ್ವಾರ್ಟರ್ಸಿನ ಅಂಗಳದ ಮರದಿಂದ ಬರೀ ಹಗ್ಗ ಜೋತಾಡುತ್ತಿತ್ತು. ಅಕ್ಕನ ಪುಟ್ಟ ಮೊಮ್ಮಗಳು ಅದರ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದಳು. "ಚಿಕ್ಕಜ್ಜಿ, ತಾತ ನನ್ನ ಉಯ್ಯಾಲೆ ಟೈರು ತಗೊಂಡ್ಹೋದ್ರು. ಹೂವು ನಾನೇ ಬರ್ದಿದ್ದು."

ಅಕ್ಕ ಏನನ್ನೂ ಮುಚ್ಚಿಡಲಿಲ್ಲ. "ತಪ್ಪೇ ಕಣೆ. ದುಡ್ಡು ಕೇಳಿದ್ರೆ ಮೇಲಿಂದ ಬರೋದು ಸುಣ್ಣ ಮಾತ್ರ. ಅವರೇನು ಮಾಡ್ತಾರೆ?"

"ಅಕ್ಕ, ಆ ಪ್ರಾಣಿಗೆ ಒಂದು ಜಾಗ ಸಿಗುತ್ತೆ..."

"ಸಿಗಲಿ ಬಿಡು. ನಾನು ಎಲ್ಲಿಗೆ ಹೋಗ್ಲಿ, ಅದನ್ನೂ ಹೇಳು. ಅಮ್ಮ ಹಾಸಿಗೆ ಹಿಡಿದಾಗ ನಿನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದೋಳು ನಾನು, ಕರಡಿ ಅಲ್ಲ."

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ಈ ಮೃಗಾಲಯದ ಪುಲಿ ಎಂದೋ ಸತ್ತಿತ್ತು. ಇತ್ತ ಇದ್ದವಳು ಅಕ್ಕ. ಅವಳ ಕಣ್ಣೀರಿನ ಮುಂದೆ ಡಾಕ್ಟರಮ್ಮನ ಜಂಬ ಒಂದು ಲೋಟ ಟೀ ಆರುವಷ್ಟು ಹೊತ್ತೂ ನಿಲ್ಲಲಿಲ್ಲ. ಬೋನುಗಳು ತೃಪ್ತಿಕರ ಎಂದು ಬರೆದು ಸಹಿ ಹಾಕಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೇ ಒಂದು ಮಾತು ಕೇಳಿದಳು: "ಭಾವ, ಟೈರು ಮಾತ್ರ ಕರಡಿ ಹತ್ರಾನೇ ಇರ್ಲಿ. ಮಗೂಗೆ ನಾನು ಬೇರೆ ಕಳಿಸ್ತೀನಿ."

"ಇಷ್ಟೇನಾ? ಇವಳಾಣೆ, ಅದನ್ನ ಯಾರೂ ಮುಟ್ಟಲ್ಲ" ಎಂದು ಭಾವ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು.

ಬಸ್ಸಿನಲ್ಲಿ ಊರಿಗೆ ಮರಳುವಾಗ ಅವಳು ಆ ಟೈರನ್ನೇ ನೆನೆದು ಸಮಾಧಾನ ಮಾಡಿಕೊಂಡಳು. ಕರಡಿಗೆ ಮಣ್ಣು ಸಿಗಲಿಲ್ಲ, ಮರ ಸಿಗಲಿಲ್ಲ. ಅಪ್ಪಿಕೊಳ್ಳಲು ಏನೋ ಒಂದಾದರೂ ಸಿಕ್ಕಿತಲ್ಲ.

ಮನೆ ಮುಟ್ಟುವಷ್ಟರಲ್ಲಿ ಅಕ್ಕನಿಂದ ಫೋನಿಗೆ ಫೋಟೋ ಬಂದಿತ್ತು. ಮೊಮ್ಮಗಳು ಉಯ್ಯಾಲೆಯಲ್ಲಿ ಕೂತು ನಗುತ್ತಿದ್ದಳು. ಟೈರಿನ ಅಂಚಿನ ತುಂಬ ಹಲ್ಲಿನ ಗುರುತು. ಹಳದಿ ಹೂವು ಅರ್ಧ ಅಳಿಸಿತ್ತು. ಕೆಳಗೆ ಅಕ್ಕ ಬರೆದಿದ್ದಳು: "ಒಂದೇ ಸಮ ಅಳ್ತಿದ್ಲು ಕಣೆ, ಅದಕ್ಕೆ ತರಿಸಿದೆ. ಕರಡಿ ಬಿಡ್ಲೇ ಇಲ್ವಂತೆ, ಪೈಪಿಂದ ನೀರು ಹೊಡೆದು ಬಿಡಿಸಿದ್ರು. ತೊಳೆದಿದೀನಿ, ಇನ್ನೂ ಸ್ವಲ್ಪ ವಾಸನೆ ಇದೆ. ನಿನ್ನ ಉಪಕಾರ ಮರೆಯಲ್ಲ."