ಬೆಳ್ಳಗೆ ತೋರಿಸುವ ಕ್ಯಾಮೆರಾ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮಿಸಿ. ತಂಗಿ ಪೂಜಿತಾಳ ಹೆರಿಗೆಗೆ ಮುಂಚೆ ಸಕಲೇಶಪುರದಲ್ಲಿ ಅವಳಿಗೆ ಫೋನ್ ಆರಿಸಿಕೊಟ್ಟವನು ನಾನು. ಅಂಗಡಿಯಲ್ಲಿ ನನ್ನದೇ ಫೋಟೊ ತೆಗೆದು ನಕ್ಕಳು: "ನೋಡಣ್ಣ, ಇದ್ರಲ್ಲಿ ನೀನೂ ಮದುವೆ ಗಂಡಿನಂಗೆ ಬೆಳ್ಳಗೆ ಕಾಣ್ತೀಯ!" ಇದೇ ಒಳ್ಳೆಯ ಕ್ಯಾಮೆರಾ ಎಂದೆ.

ಮಗು ಹುಟ್ಟಿದ ನಾಲ್ಕನೇ ದಿನ ತನ್ನೂರು ವನಗೂರಿನಿಂದ ಅದರ ಫೋಟೊ ಕಳಿಸಿದಳು. ಓದಿದವನೆಂದು ನನ್ನನ್ನೇ ಕೇಳಿದಳು: "ಮೈ ಹಳದಿ ಐತೆ, ಕಾಮಾಲೆ ಇರಬೋದೇನಣ್ಣ?" ಫೋಟೊದಲ್ಲಿ ಮಗು ಬೆಳ್ಳಗಿತ್ತು. "ಚೆನ್ನಾಗೈತೆ ಕಣಮ್ಮ, ಸುಮ್ನಿರು" ಎಂದೆ.

ಎರಡು ದಿನದ ಮೇಲೆ ಮಗು ಹಾಲು ಕುಡಿಯುವುದನ್ನೇ ಬಿಟ್ಟಿತು. ಜೀಪಿನಲ್ಲಿ ಹಾಸನಕ್ಕೆ ತಂದಾಗ ಅದರ ಮೈ ಅರಿಶಿನದಂತಿತ್ತು. ಈಗ ಆಸ್ಪತ್ರೆಯಲ್ಲಿ ಕಾಮಾಲೆ ಇಳಿಸುವ ನೀಲಿ ಬೆಳಕಿನಡಿ ಮಲಗಿದೆ. ಆ ಎರಡು ದಿನ ಅದಕ್ಕೆ ಎಷ್ಟು ಕೇಡು ಮಾಡಿವೆಯೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಇನ್ನೂ ಗೊತ್ತಿಲ್ಲವಂತೆ.