ತಣ್ಣಗಿನ ಸೂಪು, ಮಾವನ ನಾಲಿಗೆ

ಮೂವತ್ತು ವರ್ಷ ದೊಡ್ಡ ಹೋಟೆಲಿನಲ್ಲಿ ಸೌಟು ಹಿಡಿದ ಮಾವನ ಬಾಯಿಂದ ಸೊಸೆ ಒಂದು ದಿನವೂ ಹೊಗಳಿಕೆ ಕೇಳಿದವಳಲ್ಲ. ಮದುವೆಯಾಗಿ ಬಂದ ಮಾರನೇ ದಿನವೇ "ಈರುಳ್ಳಿ ಇನ್ನೂ ಹಸಿ" ಅಂದಿದ್ದರು. ಆಮೇಲಿನ ಹನ್ನೊಂದು ವರ್ಷವೂ ಅದೇ ರಾಗ: ಉಪ್ಪು ಸಾಲದು, ಹುಳಿ ಜಾಸ್ತಿ, ಬೆಳ್ಳುಳ್ಳಿ ಸೀದಿದೆ. "ನಿಮ್ಮಪ್ಪನಿಗಿರೋದು ನಾಲಿಗೆಯೋ ತಕ್ಕಡಿಯೋ?" ಅಂತ ಗಂಡನ ಹತ್ತಿರ ಅದೆಷ್ಟು ಸಲ ಗೊಣಗಿದ್ದಳೋ.

ಮೂರು ತಿಂಗಳ ಹಿಂದೆ ಮಾವನಿಗೆ ಜ್ವರ ಬಂತು. ಹೋಗುವಾಗ ಹಾಳು ಜ್ವರ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಏನು ಬಡಿಸಿದರೂ "ಚೆನ್ನಾಗಿದೆಯಮ್ಮ" ಅಂತ ತಲೆ ತಗ್ಗಿಸಿ ತಿಂದು ಎದ್ದುಬಿಡುತ್ತಿದ್ದರು. ಒಂದು ದಿನ ನೋಡೇಬಿಡೋಣ ಅಂತ ತರಕಾರಿಗೆ ಉಪ್ಪೇ ಹಾಕದೆ ಬಡಿಸಿದಳು. ಅದೂ ಚೆನ್ನಾಗಿತ್ತಂತೆ! ಸೊಸೆ ಅಡುಗೆಮನೆಗೆ ಹೋಗಿ, ಯಾರಿಗೂ ಕೇಳದಿರಲಿ ಅಂತ ನಲ್ಲಿ ಬಿಟ್ಟುಕೊಂಡು ಅತ್ತಳು. ಅಡುಗೆಯವರಿಗೆ ನಾಲಿಗೆಯೇ ಹೋದರೆ ಇನ್ನೇನು ಉಳಿಯಿತು ಹೇಳಿ! "ಬಂದರೂ ಬರಬಹುದು, ಕಾಯಬೇಕು" ಅಂದಿದ್ದರು ಡಾಕ್ಟರು.

ಕಾಯುವ ಜಾಯಮಾನವೇ ಅವಳದ್ದಲ್ಲ. ಬಿಸಿಲು ಏರಿ ಮಾವ ಬಿಸಿ ಊಟವನ್ನೇ ಮುಟ್ಟದಾದಾಗ, ತಣ್ಣಗಿನ ಸೂಪು ಮಾಡುತ್ತೇನೆ, ಅದೂ ಕಣ್ಣು ಮೂಗಲ್ಲಿ ನೀರು ಸುರಿಯೋ ಹಾಗೆ ಖಾರ ಹಾಕಿ, ಅಂತ ಹೊರಟಳು. ಚೆನ್ನಾಗಿ ಹಣ್ಣಾದ ಟೊಮೆಟೊ, ಸೌತೆಕಾಯಿ, ಕೆಂಪು ದಪ್ಪ ಮೆಣಸಿನಕಾಯಿ, ಅರ್ಧ ಈರುಳ್ಳಿ, ಬೆಳ್ಳುಳ್ಳಿ, ಐದು ಹಸಿಮೆಣಸಿನಕಾಯಿ, ನೆನೆಸಿದ ಬ್ರೆಡ್ಡು ಎಲ್ಲ ಮಿಕ್ಸಿಗೆ ಬಿತ್ತು. ಒಲೆ ಹಚ್ಚಲೇ ಇಲ್ಲ. ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ಬೆರಳದ್ದಿ ನೆಕ್ಕಿದಳು. ಹದ ಅಂದರೆ ಹದ! ಇದಕ್ಕೆ ಕೊರತೆ ಹೇಳೋದು ಆ ಬ್ರಹ್ಮನಿಂದಲೂ ಆಗದು ಅಂದುಕೊಂಡು ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟಳು.

ನಾಲ್ಕು ಗಂಟೆ ಬಿಟ್ಟು ಬಟ್ಟಲಿಗೆ ಹಾಕಿ ಕೊಟ್ಟಳು. ಮೊದಲ ಚಮಚಕ್ಕೇ ಮಾವನ ಹಣೆ ಬೆವರಿತು. ಖಾರಕ್ಕೆ ಬೆವರು ಯಾರಿಗಾದರೂ ಬರುತ್ತದೆ, ಅದನ್ನು ನಂಬಿ ಕುಣಿಯುವಷ್ಟು ದಡ್ಡಿ ಅವಳಲ್ಲ. ಎರಡನೇ ಚಮಚವನ್ನು ಅವರು ಬಾಯಲ್ಲೇ ಇಟ್ಟುಕೊಂಡು ಕೂತರು.

"ಉಪ್ಪು ಸಾಲ್ದು."

"ಏನಂದ್ರಿ ಮಾವ?"

"ಉಪ್ಪು ಸಾಲ್ದು ಅಂದೆ. ಹುಳೀನೂ ಹಿಡಿದಿಲ್ಲ. ಫ್ರಿಜ್ಜಿಗೆ ಇಡೋ ಮುಂಚೆ ರುಚಿ ನೋಡಿ ಸುಮ್ನಾಗಿದೀಯ, ಅಲ್ವಾ? ತಣ್ಣಗಾದ್ರೆ ರುಚಿ ಮಂಕಾಗುತ್ತೆ, ಇನ್ನೊಂದ್ಸಲ ನೋಡ್ಬೇಕು. ಹನ್ನೊಂದು ವರ್ಷದಿಂದ ಬಡ್ಕೊಳ್ತಾ ಇದೀನಿ..."

ಮಾತು ಅಲ್ಲೇ ನಿಂತಿತು. ತಾನೇನು ಹೇಳಿದೆ ಅನ್ನೋದು ಅವರಿಗೂ ಆಗಲೇ ಹೊಳೆದದ್ದು. ಇನ್ನೊಂದು ಚಮಚ ಬಾಯಿಗಿಟ್ಟು ನೋಡಿದರು.

ಸೊಸೆ ಅದೇ ಬಟ್ಟಲಿನಿಂದ ಕುಡಿದು ನೋಡಿದಳು. ಹೌದು, ಸಪ್ಪೆ! "ರೀ, ಬೇಗ ಬನ್ರೀ! ನಿಮ್ಮಪ್ಪಂಗೆ ಉಪ್ಪು ಸಾಲ್ದಂತೆ!" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. ಗಂಡ ಮುಖದ ಸೋಪನ್ನೂ ತೊಳೆಯದೆ ಓಡಿ ಬಂದ.

ಅಷ್ಟರಲ್ಲಿ ಮಾವ ಬಟ್ಟಲು ಹಿಡಿದು ಅಡುಗೆಮನೆಗೆ ನಡೆದಾಗಿತ್ತು. ಮೂರು ತಿಂಗಳಿಂದ ಅತ್ತ ಕಾಲಿಟ್ಟವರಲ್ಲ. ಉಪ್ಪಿನ ಡಬ್ಬಿ ತೆಗೆದರು, ನಿಂಬೆಹಣ್ಣು ಎತ್ತಿ ಮೂಸಿದರು.

"ಇದ್ಯಾವ ಕಾಲದ್ದಮ್ಮ? ಆ ಕಡೆ ಸರಿ, ನಾನು ನೋಡ್ಕೋತೀನಿ."

ಸೊಸೆ ಸರಿದು ನಿಂತಳು. ಇಷ್ಟು ಚೆಂದದ ಬೈಗುಳವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.