ಸಪ್ಪಳ ನುಂಗುವ ನಳಿಗೆ

ಶಾಮಲಾಳ ಮೀನಖಂಡದಿಂದ ಡಾಕ್ಟರು ಹೊರತೆಗೆದ ಸೀಸದ ತುಂಡು ಕಡಲೆಕಾಳಿಗಿಂತ ದೊಡ್ಡದೇನೂ ಇರಲಿಲ್ಲ. ಜಹೀರಾಬಾದಿನ ಆಸ್ಪತ್ರೆಯ ಸ್ಟೀಲ್ ತಟ್ಟೆಯಲ್ಲಿ ಅದು ಟಣ್ ಎಂದು ಬಿದ್ದಾಗ ಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ ಮಾಣಿಕ ಹತ್ತಿರ ಬಂದು ಬಗ್ಗಿ ನೋಡಿದ. ಇಪ್ಪತ್ತಾರು ವರ್ಷದಿಂದ ಲೇತ್ ಮಷೀನಿನ ಮುಂದೆ ನಿಂತವನು. ಅದು ಮೊಳೆಯಲ್ಲ, ಕಲ್ಲಿನ ಚೂರಲ್ಲ, ಬಂದೂಕಿನ ಗುಂಡು ಎಂದು ತಿಳಿಯಲು ಅವನಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ.

ಆದರೆ ಬಂದೂಕಿನ ಸಪ್ಪಳವನ್ನು ಯಾರೂ ಕೇಳಿರಲಿಲ್ಲ. ಝರಾಸಂಗಂ ಹತ್ತಿರದ ಹೊಲದಲ್ಲಿ ಬೆಳಿಗ್ಗೆ ಏಳಕ್ಕೆ ನಾಲ್ವರು ಹೆಂಗಸರು ತೊಗರಿ ಕೊಯ್ಯುತ್ತಿದ್ದರು. ಶಾಮಲಾ ಒಮ್ಮೆಲೇ "ಯವ್ವಾ" ಎಂದು ಕೂತುಬಿಟ್ಟಳು. ಕುಡುಗೋಲು ತಾಗಿರಬೇಕೆಂದು ಉಳಿದವರು ಓಡಿ ಬಂದರು. ಸೀರೆ ಸರಿಸಿ ನೋಡಿದರೆ ಪೆನ್ಸಿಲ್ ಹೋಗುವಷ್ಟು ತೂತು.

ಸಪ್ಪಳವಿಲ್ಲದ್ದೇ ಮನೆಗೆ ಕುತ್ತಾಯಿತು. "ಗುಂಡು ಹಾರಿದ್ರ ಅರ್ಧ ಊರಿಗೆ ಕೇಳ್ತದ. ನಾಕು ಮಂದಿಗೂ ಕೇಳಿಲ್ಲಂದ್ರ ಅದು ಹೊಲದಾಗ ಹಾರಿದ್ದಲ್ಲ, ಬಾಗಿಲು ಹಾಕ್ಕೊಂಡು ಮನಿಯಾಗ ಹಾರಿಸಿದ್ದು. ಆ ಹೆಣ್ಮಕ್ಕಳು ಈಕಿ ಗಂಡನ್ನ ಉಳಸಾಕ ಸುಳ್ಳು ಹೇಳ್ಲಿಕ್ಕತ್ತಾರ" ಎಂದ ಒಬ್ಬ ಪೊಲೀಸಿನವ. ಹಿಂದಿನ ದಿನ ಸಂತೆಯಲ್ಲಿ ಶಾಮಲಾ ಮತ್ತು ಅವಳ ಗಂಡ ಸಾಯಿಕುಮಾರ ಜೋರಾಗಿ ಜಗಳಾಡಿದ್ದನ್ನು ಹತ್ತು ಜನ ನೋಡಿದ್ದರು. ಅಂದಿನಿಂದ ಸಾಯಿಕುಮಾರನನ್ನು ದಿನಾ ಬೆಳಿಗ್ಗೆ ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸುತ್ತಿದ್ದರು. ಹಾಸಿಗೆಯಲ್ಲಿದ್ದ ಶಾಮಲಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಅಂವ ಅಲ್ರಿ. ಹೊಲದಾಗೇ ಬಡೀತು." ಯಾರೂ ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಒಂದೆರಡು ದಿನ ಮಾಣಿಕನೂ ನಂಬಲಿಲ್ಲ.

ಒಂಬತ್ತನೆಯ ದಿನ ಸಂಜೀವಕುಮಾರ ಅವನ ವರ್ಕ್‌ಶಾಪಿಗೆ ಬಂದ. ತಾಂಡೂರಿನವನು, ಅಲ್ಲಿ ಸಿಗುವ ನೆಲಹಾಸಿನ ನಾಪಾ ಕಲ್ಲು ಕೊಯ್ಯುವ ಯಂತ್ರಗಳಿಗೆ ಬಿಡಿಭಾಗ ಒದಗಿಸುವ ವ್ಯಾಪಾರಿ. ಆರು ವರ್ಷದಿಂದ ಮಾಣಿಕನಿಗೆ ಕೆಲಸ ಕೊಡುತ್ತಿದ್ದ. ಅವತ್ತು ಜೀಪು ದೂರ ನಿಲ್ಲಿಸಿ ನಡೆದು ಬಂದಿದ್ದ. ಒಳಗೆ ಬಂದವನೇ ಅರ್ಧ ಶಟರ್ ಎಳೆದು, ಟವೆಲ್ಲಿನಲ್ಲಿ ಸುತ್ತಿದ್ದ ವಸ್ತುವೊಂದನ್ನು ಬೆಂಚಿನ ಮೇಲಿಟ್ಟ.

"ಮಾಣಿಕ, ಇದು ಜಾಮ್ ಆಗ್ಯಾದ. ಬಿಚ್ಚಿ ಕೊಡು."

ಗೇಣುದ್ದದ ಕಪ್ಪು ನಳಿಗೆ. ಕೈಗೆತ್ತಿಕೊಂಡ ಕೂಡಲೇ ಮಾಣಿಕನಿಗೆ ಗುರುತು ಸಿಕ್ಕಿತು. ದಸರೆಗೆ ಮುಂಚೆ ತಾನೇ ಮಾಡಿಕೊಟ್ಟದ್ದು. ಪಾಲಿಶ್ ಮಷೀನಿನ ಕಂಪ್ರೆಸರ್ ಗಾಳಿ ಬಿಡುವಾಗ ಕಿವಿ ಕಿತ್ತುಹೋಗುತ್ತದೆ, ಅದಕ್ಕೆ ಬೇಕು ಎಂದು ಸಂಜೀವಕುಮಾರ ಅವತ್ತು ನಕ್ಷೆ ಕೊಟ್ಟಿದ್ದ.

ಮಾಣಿಕ ಅದನ್ನು ವೈಸಿಗೆ ಹಾಕಿ ಬಿಗಿದು, ಪಟ್ಟು ಹಿಡಿದು ತಿರುಗಿಸಿದ. ಮೂರನೆಯ ಸಲಕ್ಕೆ ಕರ್ರ್ ಎಂದು ಬಿಟ್ಟುಕೊಂಡಿತು. ಒಳಗಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ಮೇಲೆ ಬೂದು ಬಣ್ಣದ, ಬೆಣ್ಣೆಯಂತೆ ಜಿಡ್ಡಾದ ಮಸಿ. ಬೆರಳಿಗೆ ಹತ್ತಿದ್ದನ್ನು ಮೂಸಿದ. ಗಾಳಿಯ ಯಂತ್ರದಲ್ಲಿ ಮದ್ದಿನ ವಾಸನೆ ಇರುವುದಿಲ್ಲ.

"ಇದು ಕಂಪ್ರೆಸರಿಂದಲ್ಲ ಸಾವ್ಕಾರ್ರ."

ಸಂಜೀವಕುಮಾರ ನಕ್ಕ. "ನಿನಗ ಗೊತ್ತಿರಲಿಲ್ಲೇನು? ಇಷ್ಟು ವರ್ಷದ ಮಿಸ್ತ್ರಿ ನೀ. ಪಾಯಿಂಟ್ ಟೂ ಟೂ ರೈಫಲಿನ ಸೈಲೆನ್ಸರ್ ಇದು. ಆ ಸಣ್ಣ ತೋಟಾ ಭಾಳ ಹೊಲಸು, ಮಾರಾಯ. ಹೊಡದಂಗೆಲ್ಲ ಸೀಸಾ ಉಗುಳ್ತದ. ಒಳಗ ಗಟ್ಟಿಯಾಗಿ ಕುಂದ್ರತದ." ಅವನು ಮೊಬೈಲ್ ತೆಗೆದು ಎರಡು ಚಿತ್ರ ತೋರಿಸಿದ. "ಹೊಸಾದು ಬೇಕು. ಇದು ನೋಡು, ಪೂರಾ ಬಂದ್, ಬಿಚ್ಚಾಕ ಬರಂಗಿಲ್ಲ. ಸಪ್ಪಳ ಭಾಳ ಕಮ್ಮಿ ಅಂತಾರ. ಇನ್ನೊಂದು ಬಿಚ್ಚಿ ತೊಳಿಯಾಕ ಬರ್ತದ. ಯಾವುದು ಮಾಡೋಣು? ನೀನೇ ಆರಿಸು."

ಮಾಣಿಕ ಕೈ ಒರೆಸಿಕೊಂಡ. ಒರೆಸಿದಷ್ಟೂ ಮಸಿ ಹರಡಿತು. ಕಲ್ಲಿನಂತೆ ಮುಖ ಮಾಡಿಕೊಂಡು, ಕಸುಬಿನವನು ಕೇಳುವ ಹಾಗೆಯೇ ಕೇಳಿದ.

"ಈಗಿಂದು ಹೆಂಗ ಅದರಿ? ಎಷ್ಟು ದೂರ ಕೇಳ್ತದ?"

"ನೂರು ಹೆಜ್ಜಿಗೆ ಏನೂ ಇಲ್ಲ. ಯಾರೋ ದೂರ ಚಪ್ಪಾಳಿ ತಟ್ಟಿದಂಗ."

"ಹೊಡದು ನೋಡೀರೇನು?"

"ಹೋದ ವಾರ ನಿಮ್ಮ ಝರಾಸಂಗಂ ಕಡಿ ಹೋಗಿದ್ದೆ. ಮುಂಜಾನಿ ಚಿಗರಿ ಬರ್ತಾವಲ್ಲ. ಎರಡು ಸಲ ಹೊಡದೆ, ತಪ್ಪಿಸ್ಕೊಂತು. ಆ ಕಡಿ ತೊಗರಿ ಹೊಲದಾಗ ಹೆಣ್ಮಕ್ಕಳಿದ್ರು ನೋಡು, ಒಬ್ಬಾಕಿನೂ ಗೋಣೆತ್ತಿ ನೋಡ್ಲಿಲ್ಲ!"

ಅವನು ಅದನ್ನು ಹೆಮ್ಮೆಯಿಂದ ಹೇಳಿದ. ಚಿಗರಿ ಎಂದರೆ ಕೃಷ್ಣಮೃಗ, ಕೊಂದರೆ ಜೈಲು. ಅದೂ ಅವನಿಗೆ ಆಟವೇ ಆಗಿತ್ತು. ಹೆಂಗಸಿಗೆ ಬಡಿದದ್ದು ಅವನಿಗೆ ಗೊತ್ತಿಲ್ಲ, ಮಾಣಿಕ ಅಂದುಕೊಂಡ. ಗುಂಡು ಎಲ್ಲಿ ಹೋಯಿತೆಂದು ತಿರುಗಿಯೂ ನೋಡದೆ ಜೀಪು ಹತ್ತಿದ್ದಾನೆ. ಬೆಂಚಿನ ಮೇಲೆ ಎರಡು ಸೇರಿನ ಸುತ್ತಿಗೆ ಇತ್ತು. ಮಾಣಿಕನ ಕಣ್ಣು ಒಮ್ಮೆ ಅದರ ಮೇಲೆ ಹೋಯಿತು. ಅವನು ಎರಡೂ ಕೈಗಳಿಂದ ವೈಸಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಬಿಚ್ಚೋದೇ ಚಲೋ" ಎಂದ ಕೊನೆಗೆ. ದನಿ ತನ್ನದಲ್ಲವೇನೋ ಎನಿಸಿತು. "ಬಂದ್ ಇರೋದು ಇವತ್ತು ಸುಮ್ಮಗಿರ್ತದ, ನಾಕು ದಿನಕ್ಕ ಮಸಿ ತುಂಬಿ ಕೆಲಸಕ್ಕ ಬರಂಗಿಲ್ಲ. ಆದ್ರ ಅಳತಿ ಬಂದೂಕಿಗೇ ಹಚ್ಚಿ ನೋಡ್ಬೇಕು. ಒಂದು ಕೂದಲ ಹೆಚ್ಚುಕಮ್ಮಿ ಆದ್ರ ಗುಂಡು ಒಳಗೇ ಬಡದು ನಿಮ್ಮ ಮುಖಕ್ಕ ಬರ್ತದ."

ಸಂಜೀವಕುಮಾರ ಯೋಚಿಸಿದ. "ಬಂದೂಕು ನಾರಾಯಣಖೇಡದಾಗ, ನಮ್ಮ ದೋಸ್ತನ ತ್ವಾಟದಾಗ ಅದ."

"ತೊಗೊಂಡ್ ಬರ್ರಿ. ಇದು ಇಲ್ಲೇ ಇರಲಿ, ಸೀಮೆಎಣ್ಣಿಯಾಗ ನೆನಿಬೇಕು."

ಅವನು ನಳಿಗೆಯನ್ನೂ ಮಾಣಿಕನ ಮುಖವನ್ನೂ ಬಹಳ ಹೊತ್ತು ನೋಡಿದ. "ನಾಳೆ ಹನ್ನೊಂದಕ್ಕ ಬರ್ತೀನಿ. ಯಾರೂ ಇರಬಾರ್ದು."

ಜೀಪಿನ ಸದ್ದು ದೂರವಾದ ಮೇಲೆ ಮಾಣಿಕ ಶಟರ್ ಪೂರ್ತಿ ಎಳೆದ. ಆಮೇಲೆ ಹೆಂಡತಿ ಸ್ವರೂಪಾಳಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ಪೊಲೀಸ್ರಿಗೆ ಕೊಡ್ರಿ" ಎಂದಳು. "ಆದ್ರ ನೀವು ಮಾಡಿದ್ದಂತ ಹೇಳಬ್ಯಾಡ್ರಿ. ರಿಪೇರಿಗೆ ತಂದಿದ್ದ ಅನ್ರಿ, ಅಷ್ಟೇ. ನಿಮ್ಮನ್ನೂ ಒಳಗ ಹಾಕ್ತಾರ. ನಾವೇನು ಮಾಡೋಣು?"

ಠಾಣೆಯ ವರಾಂಡದ ಬೆಂಚಿನಲ್ಲಿ ಸಾಯಿಕುಮಾರ ಗೋಡೆಗೆ ತಲೆ ಆನಿಸಿ ಕೂತಿದ್ದ. ಹೆಂಡತಿಯ ಅಣ್ಣನನ್ನು ಕಂಡು ಎದ್ದು ನಿಲ್ಲಲು ಹೋದ, ಕಾಲು ಜೋಮು ಹಿಡಿದು ಮತ್ತೆ ಕೂತ. ಮಾಣಿಕ ಅವನ ಹೆಗಲು ಮುಟ್ಟಿ ಒಳಗೆ ಹೋದ.

ಎಸ್‌ಐ ಸರಿತಾ ನಾರಾಯಣಖೇಡದ ಕಡೆಯವಳು, ಕನ್ನಡ ಬಲ್ಲವಳು. ಮಾಣಿಕ ಚೀಲದಿಂದ ತೆಗೆದಿಟ್ಟ ನಳಿಗೆಯ ಬಿಲ್ಲೆಗಳನ್ನು ಮುಟ್ಟದೆ ಪೆನ್ನಿನ ತುದಿಯಿಂದ ಹೊರಳಿಸಿ ನೋಡಿದಳು. ಮಾಣಿಕ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು.

"ಇಂಥಾದ್ದು ಅಂಗಡಿಯಾಗ ಸಿಗಂಗಿಲ್ಲ. ಇಟ್ಕೊಳ್ಳೋದೇ ಗುನ್ಹೆ. ಇದನ್ನ ಮಾಡಿದವ್ರು ಯಾರು?"

ರಿಪೇರಿಗೆ ತಂದಿದ್ದ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಸಾಯಿಕುಮಾರ ಕೆಮ್ಮಿದ್ದು ಕೇಳಿಸಿತು.

"ನಾನೇರಿ" ಎಂದ ಮಾಣಿಕ.

ಸರಿತಾ ಪೆನ್ನು ಕೆಳಗಿಟ್ಟಳು. "ಬರೆದು ಕೊಡ್ತೀರೇನು?"

"ಕೊಡ್ತೀನ್ರಿ."

ಮರುದಿನ ಹತ್ತೂವರೆಗೆ ಇಬ್ಬರು ಪೊಲೀಸರು ಲುಂಗಿ ಉಟ್ಟು ಎದುರಿನ ಚಹಾದಂಗಡಿಯಲ್ಲಿ ಕೂತರು. ಸರಿತಾ ಮತ್ತೊಬ್ಬನೊಂದಿಗೆ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿದ್ದಳು. ಲೇತ್ ನಿಂತ ಕೂಡಲೇ ಅವರು ಒಳಗೆ ನುಗ್ಗಬೇಕೆಂದು ಮಾತಾಗಿತ್ತು. ಮಾಣಿಕ ಲೇತ್ ಚಾಲೂ ಮಾಡಿ ಸುಮ್ಮನೆ ಒಂದು ಸಲಾಕೆ ಕೊರೆಯುತ್ತ ನಿಂತ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಹನ್ನೆರಡಕ್ಕೆ ಫೋನ್ ಬಂತು.

"ಯಾರರೆ ಇದ್ದಾರೇನು?"

"ಇಲ್ರಿ. ಒಬ್ಬನೇ ಇದ್ದೀನಿ."

"ದನಿ ಯಾಕ ಹಂಗದ?"

"ಮಷೀನ್ ಚಾಲೂ ಅದರಿ."

ಐದು ನಿಮಿಷಕ್ಕೆ ಸಂಜೀವಕುಮಾರ ಒಳಗೆ ಬಂದು ಅರ್ಧ ಶಟರ್ ಎಳೆದ. ರೈಫಲನ್ನು ಪಂಪ್‌ಸೆಟ್ಟಿನ ದಪ್ಪ ರಬ್ಬರ್ ಪೈಪಿನೊಳಗೆ ತೂರಿಸಿ ಹೆಗಲ ಮೇಲೆ ಹೊತ್ತಿದ್ದ. ಹೊರಗೆಳೆದು ಬೆಂಚಿನ ಮೇಲಿಟ್ಟ. ಆಟಿಕೆಯಂತಿದ್ದ ತೆಳ್ಳಗಿನ ಬಂದೂಕು.

"ನಿನ್ನಿನ ಬಿಲ್ಲೆ ಎಲ್ಲಿ ಅವ?"

"ಆ ಡಬ್ಬ್ಯಾಗ ನೆನಿಲಿಕ್ಕತ್ಯಾವ."

ಸಂಜೀವಕುಮಾರ ಡಬ್ಬಿಯತ್ತ ನಡೆದ. ಮಾಣಿಕ ಲೇತ್ ಆರಿಸಿದ, ಅದೇ ಸನ್ನೆ. ಆದರೆ ಹಿಂದಿನ ಕೋಣೆಯ ಚಿಲಕ ಬಿಗಿದುಕೊಂಡು ಬಾಗಿಲು ತೆರೆಯಲೇ ಇಲ್ಲ, ಬರೀ ಗಡಗಡ ಅಲುಗಾಡಿತು. ಸಂಜೀವಕುಮಾರ ಡಬ್ಬಿಯಲ್ಲಿ ಇಣುಕಿದ. ಸೀಮೆಎಣ್ಣೆ ಬಿಟ್ಟರೆ ಏನೂ ಇರಲಿಲ್ಲ. ಅವನು ಬಾಗಿಲನ್ನು ನೋಡಿದ, ಮಾಣಿಕನನ್ನು ನೋಡಿದ, ರೈಫಲಿಗೆ ಕೈ ಹಾಕಿದ.

ಮಾಣಿಕ ಯೋಚಿಸಲಿಲ್ಲ. ಬಂದೂಕಿನ ಮೂತಿಯನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆತ್ತಿದ. ಇಬ್ಬರೂ ಜಗ್ಗಾಡುತ್ತ ಲೇತಿಗೆ ಢಿಕ್ಕಿ ಹೊಡೆದರು.

"ಬಿಡಲೇ! ತುಂಬಿದ್ದದ, ಹಾರ್ತದ!"

"ಹಾರಲಿ!" ಮಾಣಿಕ ಕೂಗಿದ. "ಅವತ್ತು ಹೊಲದಾಗ ಬಿದ್ದಾಕಿ ನನ್ನ ತಂಗಿ!"

ಗುಂಡು ಹಾರಿತು. ತಗಡಿನ ಮಾಡಿನಲ್ಲಿ ತೂತು ಬಿದ್ದು ಬಿಸಿಲಿನ ಒಂದು ಕೋಲು ಒಳಗಿಳಿಯಿತು. ಆ ಸಪ್ಪಳ ಇಡೀ ಬೀದಿಗೆ ಕೇಳಿಸಿತು. ಚಹಾದಂಗಡಿಯಲ್ಲಿದ್ದ ಪೊಲೀಸರು ಶಟರ್ ಕೆಳಗಿನಿಂದ ನುಗ್ಗಿದರು, ಹಿಂದಿನ ಬಾಗಿಲೂ ಮುರಿಯಿತು. ಸಂಜೀವಕುಮಾರನ ಹಿಡಿತ ಅಷ್ಟರಲ್ಲಿ ತಾನಾಗಿಯೇ ಸಡಿಲಿತ್ತು. ಪೊಲೀಸರು ತೋಳು ಹಿಡಿದಾಗಲೂ ಅವನು ಮಾಣಿಕನನ್ನೇ ನೋಡುತ್ತಿದ್ದ. "ಯಾರಿಗೆ ಬಡೀತು? ಯಾರಿಗೂ ಬಡದಿಲ್ಲ" ಎನ್ನುತ್ತಿದ್ದ.

ಸಾಯಿಕುಮಾರನನ್ನು ಅವತ್ತೇ ಮನೆಗೆ ಕಳಿಸಿದರು. ಮುಂದೆ ಹೈದರಾಬಾದಿನ ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಶಾಮಲಾಳ ಕಾಲಿನ ಗುಂಡು ಅದೇ ಬಂದೂಕಿನದೆಂದು ಖಾತ್ರಿಯಾಯಿತು. ಆದರೆ ಮಾಣಿಕನ ಮೇಲೂ ಕೇಸಾಯಿತು. ಹದಿನಾಲ್ಕು ದಿನ ಸಂಗಾರೆಡ್ಡಿಯ ಜೈಲಿನಲ್ಲಿದ್ದ. ವರ್ಕ್‌ಶಾಪಿಗೆ ಸೀಲ್ ಬಿತ್ತು. ಜಾಮೀನಿನ ಮೇಲೆ ಹೊರಬಂದವನು ಮೊದಲು ಹೋದದ್ದು ತಂಗಿಯ ಮನೆಗೆ.

ಶಾಮಲಾ ಹೊರಸಿನ ಮೇಲೆ ಕಾಲು ಚಾಚಿ ಕೂತು ಅವರೆ ಸುಲಿಯುತ್ತಿದ್ದಳು. ಕೂಡು ಎನ್ನಲಿಲ್ಲ. ಮಾಣಿಕ ಹೊಸ್ತಿಲಲ್ಲೇ ಕೂತ.

"ಸಪ್ಪಳ ಆಗಿದ್ರ ಮೊದಲನೇ ಗುಂಡಿಗೇ ನಾವೆಲ್ಲ ಓಡಿ ಹೋಗ್ತಿದ್ವಿ, ಅಣ್ಣಾ. ಎರಡು ಸಲ ಹೊಡದಾನಂತ. ಸರಿತಾ ಮೇಡಂ ಹೇಳಿದ್ರು." ಅವಳು ಕಾಯಿಯಿಂದ ಕಣ್ಣೆತ್ತಲಿಲ್ಲ. "ಮಾಡಾಕ ಕೊಟ್ಟಾಗ ಯಾತಕ್ಕಂತ ಕೇಳಲಿಲ್ಲೇನು ನೀ?"

"ಕೇಳಿದ್ದೆ."

"ಏನಂದ?"

"ಕಂಪ್ರೆಸರಿಗೆ ಅಂದ."

"ನಂಬಿದೇನು?"

ಜೈಲಿನಲ್ಲಿ ವಕೀಲರು ಇದೇ ಪ್ರಶ್ನೆ ಕೇಳಿದ್ದರು. ಪೂರಾ ನಂಬಿದ್ದೆ ಎಂದೇ ಹೇಳಬೇಕು ಎಂದು ಕಲಿಸಿಯೂ ಇದ್ದರು. ಮಾಣಿಕ ತನ್ನ ಕೈಗಳನ್ನು ನೋಡಿಕೊಂಡ.

"ನಂಬಿದಂಗ ಮಾಡಿದೆ, ಶಾಮಲಾ. ಒಂದು ಸಲ ಅನುಮಾನ ಬಂತು. ಕೆಲಸ ಬಿಟ್ಟು ಹೋಗ್ತದಂತ ಸುಮ್ಮಗಾದೆ."

ಒಳಗೆ ಸಾಯಿಕುಮಾರ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ. ಶಾಮಲಾ ಕೈಯಲ್ಲಿದ್ದ ಕಾಯಿ ಸುಲಿದು, ಕಾಳು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಬದಿಗೆಸೆದಳು.

"ಕೋರ್ಟಿನಾಗ ನನ್ನ ಕೇಳಿದ್ರ ಈ ಮಾತೂ ಹೇಳ್ತೀನಿ."

"ಹೇಳು" ಎಂದ ಮಾಣಿಕ.